ಬರುವ ವರ್ಷ ಒಬ್ಬನೇ ಬಾ

ಕಳೆದ ತಿಂಗಳು ಮಗಳು ಗೆಳತಿಯರ ಜೊತೆ ಊರೂರು ತಿರುಗಿ ಬಂದವಳು, ಬೆನ್ನಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಬಿಚ್ಚುವ ಮೊದಲೇ ವಾಸನೆ ಬಂತು. ಕಟ್ಟಿಗೆಯ ಹೊಗೆ, ಹುಳಿ ಮಜ್ಜಿಗೆ, ಮಳೆಯಲ್ಲಿ ನೆನೆದ ಕಂಬಳಿ, ಇವನ್ನೆಲ್ಲ ಒಟ್ಟಿಗೆ ಕಲಸಿದಂಥ ವಾಸನೆ. ಒಳಗಿದ್ದದ್ದು ಜಡೆಯ ಹಾಗೆ ಹೆಣೆದು ಹೊಗೆಯಲ್ಲಿ ಒಣಗಿಸಿದ ಕುರಿಹಾಲಿನ ಚೀಸು. “ಮಮ್ಮಾ, ಮೂಸಿ ನೋಡು. ಸ್ಲೊವಾಕಿಯಾದಿಂದ ತಂದೆ,” ಎಂದಳು ತನ್ನ ಜರ್ಮನ್‌ನಲ್ಲಿ.

ನಾನು ಮೂಸಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಅವಳು ಹುಟ್ಟುವ ಮೊದಲು, ಗುಡ್ಡದ ಮೇಲಿನ ಒಂದು ಕುರುಬರ ಗುಡಿಸಲಿನಲ್ಲಿ ಆ ವಾಸನೆ ನನ್ನ ಸೀರೆಗೂ ಕೂದಲಿಗೂ ಹತ್ತಿ, ಕಾರ್ಲ್ಸ್‌ರುಹೆಗೆ ಮರಳಿದ ಮೇಲೂ ಎಷ್ಟೋ ದಿನ ಬಿಟ್ಟಿರಲಿಲ್ಲ. ಕಟ್ಟೆಗೆ ಒರಗಿ ನಿಂತುಬಿಟ್ಟೆ. ಕೆಳಗಿನ ಅಜ್ಜಾರು ನೆನಪಾದರು...

ಕೆಳಗಿನ ಅಜ್ಜಾರು ಅಂದರೆ ನಮ್ಮ ಮನೆಯ ಮಾಲೀಕರು. ಜರ್ಮನಿಯವರು ಗ್ರೀನ್ ಕಾರ್ಡ್ ಎಂದು ಹೆಸರಿಟ್ಟು ನಮ್ಮಂಥವರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಮನೆಯವರು ಪುಣೆಯ ನೌಕರಿ ಬಿಟ್ಟು, ಕಾರಿನ ಬಿಡಿಭಾಗಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯೊಂದಕ್ಕೆ ಸೇರಿ ಕಾರ್ಲ್ಸ್‌ರುಹೆಗೆ ಬಂದಿದ್ದರು. ನಾನು ಮದುವೆಯಾಗಿ ಧಾರವಾಡದಿಂದ ನೇರ ಅಲ್ಲಿಗೇ ಬಂದೆ. ಕಾರ್ಡು ಅವರದು. ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ ಕೆಲಸ ಮಾಡಲು ಅನುಮತಿ ಇಲ್ಲ ಎಂದು ಅಚ್ಚೊತ್ತಿತ್ತು. ದಿನವಿಡೀ ಮನೆಯಲ್ಲಿ ಇರುವವಳಿಗೆ ಕಿವಿ ಚುರುಕಾಗುತ್ತದೆ. ಚುರುಕಾದ ಕಿವಿಗೆ ಅನುಮಾನ ಜಾಸ್ತಿ.

ಮನೆ ಸಿಕ್ಕ ರೀತಿಯೇ ನನಗೆ ಸರಿ ಕಂಡಿರಲಿಲ್ಲ. ಫೋನಿನಲ್ಲಿ ನಮ್ಮ ಮಾತಿನ ಧಾಟಿ ಕೇಳಿದೊಡನೆ ಊರಿನವರ ಮನೆಯೆಲ್ಲ ಆಗಲೇ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಈ ಮನುಷ್ಯ ಮಾತ್ರ ನಮ್ಮನ್ನು ಬರಹೇಳಿ, ಸಂಬಳದ ಚೀಟಿಯನ್ನು ನೋಡದೆ, ಎರಡೇ ಪ್ರಶ್ನೆ ಕೇಳಿದರು. ನಿಮ್ಮ ದೇಶದಲ್ಲಿ ಬೆಟ್ಟಗಳಿವೆಯೇ? ನಿಮಗೆ ನಡೆಯುವ ಅಭ್ಯಾಸ ಇದೆಯೇ? ಇದೆ ಎಂದೆವು. ಕೀಲಿ ಕೈಗಿಟ್ಟರು.

“ಏನ್ರೀ, ಊರ ಮಂದಿ ಯಾರೂ ಮನಿ ಕೊಡಲಿಲ್ಲ. ಈ ಅಜ್ಜಾಗ ಯಾಕ ಇಷ್ಟ ಅವಸರ?” ಎಂದೆ ಮೆಟ್ಟಿಲಿಳಿಯುವಾಗ.

“ಕೊಡದಿದ್ರ ಬ್ಯಾಸರ, ಕೊಟ್ರ ಡೌಟ್. ಮೀಟ್‌ಫೆರ್ಟ್ರಾಗ್ ಸೈನ್ ಆಗೇತಿ, ಇನ್ನ ಸುಮ್ಕಿರು,” ಎಂದು ಬಾಡಿಗೆಯ ಕರಾರನ್ನು ಜೇಬಿನಲ್ಲಿಟ್ಟುಕೊಂಡರು ನಮ್ಮವರು.

ಸುಮ್ಮನಿರುವಂಥ ಮನುಷ್ಯನೇ ಅಲ್ಲ ಅದು. ಬಾಗಿಲ ಗಂಟೆ ಬಾರಿಸಿದರೆ ಮೊದಲು ಕಿಟಕಿಯ ಪರದೆ ಒಂದು ಬೆರಳಿನಷ್ಟು ಸರಿಯುತ್ತಿತ್ತು, ಆಮೇಲೆ ಬಾಗಿಲು. ಯಾರಾದರೂ ಅವರ ಅಡುಗೆಮನೆಯಲ್ಲಿ ಕೂತು ಮಾತು ಶುರು ಮಾಡಿದರೆ ಎದ್ದು ರೇಡಿಯೋ ಹಚ್ಚಿಬಿಡುತ್ತಿದ್ದರು. ಅಂಗಳದಲ್ಲಿ ಹವಾಮಾನದ ಸುದ್ದಿ ಹೇಳುವಾಗಲೂ ಪಿಸುದನಿ. ನಮ್ಮ ಮನೆಗೆ ಗೆಳೆಯರು ಊಟಕ್ಕೆ ಬಂದು ಹೋದ ಮರುದಿನ ಮೆಟ್ಟಿಲ ಬಳಿ ನಿಂತು ಕೇಳುತ್ತಿದ್ದರು: “ನಿನ್ನೆ ಬಂದವರು ನನ್ನ ವಿಷಯ ಏನಾದರೂ ವಿಚಾರಿಸಿದರಾ?” ರಾತ್ರಿಯೆಲ್ಲ ಅವರ ಹೆಜ್ಜೆ ಸದ್ದು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ, ಮತ್ತೆ ಈ ಗೋಡೆಗೆ. ನಿದ್ದೆ ಹತ್ತದ ನಾನು ಮೇಲೆ, ಅವರು ಕೆಳಗೆ.

ಟ್ರಾಮ್ ರಿಪೇರಿಯ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು ಎಂಬುದಷ್ಟೇ ನಮಗೆ ಗೊತ್ತಿತ್ತು. ಜರ್ಮನಿಯವರಲ್ಲ ಎಂದು ತಿಳಿದದ್ದು ಮೊದಲ ಚಳಿಗಾಲದಲ್ಲಿ. ಒಂದು ಭಾನುವಾರ ಕಾಫಿಗೆ ಕರೆದರು. ಬಾಗಿಲಲ್ಲಿ ಬೂಟು ಬಿಚ್ಚಿಸಿ, ಮೆತ್ತನೆಯ ಉಣ್ಣೆಯ ಚಪ್ಪಲಿ ಕೊಟ್ಟರು. “ನಮ್ಮ ಸ್ಲೊವಾಕಿಯಾದಲ್ಲಿ ಬೂಟುಗಾಲಲ್ಲಿ ಯಾರೂ ಮನೆಯೊಳಗೆ ಬರುವುದಿಲ್ಲ,” ಎಂದರು. ನಮ್ಮಲ್ಲೂ ಇಲ್ಲ ಎಂದೆ. ಆ ಮುಖದಲ್ಲಿ ಮೊದಲ ಸಲ ನಗು ನೋಡಿದ್ದು ಆಗ.

ಪರದೆ ಎಳೆದು ಬಿಳಿ ಗೋಡೆಯ ಮೇಲೆ ಸ್ಲೈಡುಗಳನ್ನು ತೋರಿಸಿದರು. ಹಲ್ಲಿನ ಸಾಲಿನಂಥ ತಾತ್ರಾ ಬೆಟ್ಟಗಳು. ಒಂದು ಮೊಳೆಯನ್ನೂ ಹೊಡೆಯದೆ ಬರೀ ಮರದಲ್ಲಿ ಕಟ್ಟಿದ ಇಗರ್ಜಿಗಳು. ಊದುವವನಿಗಿಂತ ಎತ್ತರದ ಒಂದು ಕೊಳಲು. ಅದರ ಹೆಸರು ಫುಯಾರಾ, ಕುರುಬರು ಸಂಜೆ ಒಬ್ಬರೇ ಕೂತು ಊದುವಂಥದು. ಕಾಡಿನ ದಾರಿಯುದ್ದಕ್ಕೂ ಮರಗಳ ಮೇಲೆ ಬಳಿದ ಪಟ್ಟಿಗಳು, ಬಿಳಿ-ಕೆಂಪು-ಬಿಳಿ. “ಈ ಪಟ್ಟಿಯನ್ನು ನಂಬಿದವನು ನಮ್ಮ ಕಾಡಿನಲ್ಲಿ ದಾರಿ ತಪ್ಪುವುದಿಲ್ಲ,” ಎಂದರು. ನಂಬಿದವನು ಎಂಬ ಮಾತು ಅವರ ಬಾಯಿಂದ ಬಂದಾಗ ವಿಚಿತ್ರವೆನಿಸಿತು.

ಪ್ರತಿ ಬೇಸಿಗೆ ತಮ್ಮ ಬಾಡಿಗೆದಾರರನ್ನು ಊರಿಗೆ ಕರೆದೊಯ್ಯುತ್ತಿದ್ದರಂತೆ. ನಮಗಿಂತ ಮೊದಲಿದ್ದ ಚೀನಾದ ವಿದ್ಯಾರ್ಥಿ, ಅದಕ್ಕೂ ಮೊದಲಿನ ಬ್ರೆಜಿಲ್ ದಂಪತಿ, ಒಬ್ಬ ಈಜಿಪ್ಟಿನವ. ಒಂದೊಂದು ವರ್ಷದ ಸ್ಲೈಡುಗಳ ಕೊನೆಯಲ್ಲೂ ಅದೇ ಮರದ ಗುಡಿಸಲು, ಅದರ ಮುಂದೆ ಹೊಸ ಹೊಸ ಮುಖಗಳು, ಸಾಲಿನ ತುದಿಯಲ್ಲಿ ಅಜ್ಜಾರು. ಎಲ್ಲದರಲ್ಲೂ ಬಾಗಿಲಲ್ಲಿ ನಿಂತ ಒಬ್ಬ ಎತ್ತರದ ಮುದುಕ. ಬಂದವರೆಲ್ಲ ಕ್ಯಾಮೆರಾ ನೋಡಿ ಹಲ್ಲು ಕಿರಿದಿದ್ದಾರೆ. ಆ ಮುದುಕ ಮಾತ್ರ ಪ್ರತಿಯೊಂದರಲ್ಲೂ ಅಜ್ಜಾರನ್ನೇ ದಿಟ್ಟಿಸುತ್ತಿದ್ದಾನೆ...

“ಈ ಬೇಸಿಗೆಗೆ ನೀವು ಬರಬೇಕು,” ಎಂದರು ದೀಪ ಹಾಕುತ್ತ. ಖರ್ಚೆಲ್ಲ ತಮ್ಮದೇ ಅಂದರು.

ಮೇಲೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಾನು ಕೇಳಿದೆ: “ಆ ಮುದುಕನ್ನ ನೋಡಿದ್ರಿಲ್ಲೋ? ಎಲ್ಲಾ ಫೋಟೋದಾಗೂ ಅದಾನ. ವರ್ಷಾ ಬ್ಯಾರೆ ದೇಶದ ಮಂದೀನ ಕರಕೊಂಡ ಹೋಗಿ ಅದ ಗುಡಿಸಲಾ ಯಾಕ ತೋರಸ್ತಾರ?”

“ಕಮಿಷನ್ ಇರಬೇಕ,” ಎಂದು ನಕ್ಕರು ನಮ್ಮವರು. ನಕ್ಕರೂ ಅವರಿಗೂ ಒಳಗೊಳಗೆ ಅಳುಕಿತ್ತು. ಕಲೋನ್‌ನಲ್ಲಿದ್ದ ಬೆಂಗಳೂರಿನ ಗೆಳೆಯನಿಗೆ ಫೋನ್ ಹಚ್ಚಿದರು. ಅವನು ಒಂದೇ ಮಾತು ಹೇಳಿದ: “ಹೋಗೋದಾದ್ರೆ ಹೋಗು ಗುರು, ಆದ್ರೆ ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಡ್ಬೇಡ. ಪೂರ್ವದ ಕಡೆ ಜನ ಹೆಂಗೋ ಏನೋ.”

ಹಾಗಾಗಿ ವೀಸಾ ನಾವೇ ಮಾಡಿಸಿಕೊಂಡೆವು. ಸ್ಲೊವಾಕಿಯಾ ಆಗಿನ್ನೂ ಯುರೋಪಿನ ಒಕ್ಕೂಟದೊಳಗೆ ಬಂದಿರಲಿಲ್ಲ. ಇಷ್ಟು ಅನುಮಾನವಿದ್ದೂ ಯಾಕೆ ಹೊರಟೆ ಎಂದರೆ, ಅನುಮಾನವೇ ನನ್ನನ್ನು ಹೊರಡಿಸಿತು. ಆ ಗುಡಿಸಲಿನೊಳಗೆ ಏನಿದೆ ಎಂದು ನೋಡದೆ ಇರುವುದು ನನ್ನಿಂದ ಸಾಧ್ಯವಿರಲಿಲ್ಲ.

ಅವರ ಹಳೆಯ ಕಾರಿನಲ್ಲಿ ನಸುಕಿಗೇ ಹೊರಟೆವು. ಮ್ಯೂನಿಕ್ ದಾಟಿ ಆಸ್ಟ್ರಿಯಾ ಮುಗಿಯುವವರೆಗೆ ಅಜ್ಜಾರು ತಮ್ಮ ದೇಶದ ಹಾಡು, ಹಬ್ಬ, ಮದುವೆ, ಆಲೂಗಡ್ಡೆಯ ಅಡುಗೆ ಎಲ್ಲವನ್ನೂ ಬಣ್ಣಿಸಿದರು. ಗಡಿಯ ಚೌಕಿ ಕಂಡದ್ದೇ ಮಾತು ನಿಂತಿತು. ಪೊಲೀಸಿನವನು ನಮ್ಮ ಪಾಸ್‌ಪೋರ್ಟುಗಳನ್ನು ತಿರುವಿ ತಿರುವಿ ನೋಡಿದ. ಅಜ್ಜಾರ ಜರ್ಮನ್ ಪಾಸ್‌ಪೋರ್ಟನ್ನು ಬಿಚ್ಚಲೂ ಇಲ್ಲ. ಆದರೆ ಬೆವರಿದವರು ಅವರು. ಹಿಂದಿನ ಸೀಟಿನಿಂದ ನಾನು ನೋಡಿದೆ. ಕನ್ನಡಿಯಲ್ಲಿ ನಾನು ನೋಡಿದ್ದನ್ನು ಅವರೂ ನೋಡಿದರು.

ಊರು ಲಿಪ್ತೋವ್ ಎಂಬ ಸೀಮೆಯಲ್ಲಿ, ಬೆಟ್ಟದ ಬುಡದಲ್ಲಿತ್ತು. ಅಜ್ಜಾರ ತೀರಿಕೊಂಡ ಅಕ್ಕನ ಮನೆ ಅದು. ಈಗ ಅಕ್ಕನ ಮಗಳು ಇದ್ದಳು, ಅಲ್ಲಿನ ಶಾಲೆಯಲ್ಲಿ ಜರ್ಮನ್ ಕಲಿಸುವ ಟೀಚರು. ಹೊಸ್ತಿಲಲ್ಲೇ ರೊಟ್ಟಿಯನ್ನೂ ಉಪ್ಪನ್ನೂ ಮುಂದೆ ಹಿಡಿದು ನಮ್ಮನ್ನು ಬರಮಾಡಿಕೊಂಡಳು. ಉಪ್ಪಿನ ಋಣ ಎಂಬ ಮಾತು ನಮ್ಮಲ್ಲೂ ಇದೆಯೆಂದು ನನ್ನ ಹರಕು ಜರ್ಮನ್‌ನಲ್ಲಿ ಹೇಳಲು ಹೋಗಿ ಸೋತೆ. ಮೇಲಿನ ಕೋಣೆಯನ್ನು ನಮಗೆ ಕೊಟ್ಟಳು. ಅಜ್ಜಾರು ಮಾತ್ರ ತಮ್ಮ ಚೀಲ ಎತ್ತಿಕೊಂಡು ಊರ ತುದಿಯ ಲಾಡ್ಜಿಗೆ ಹೊರಟರು. ಹುಟ್ಟಿ ಬೆಳೆದ ಮನೆಯಲ್ಲಿ ಒಂದು ರಾತ್ರಿಯೂ ಮಲಗುವುದಿಲ್ಲವಂತೆ. ಯಾಕೆ ಎಂದರೆ, “ಇಲ್ಲಿ ಗೋಡೆ ತೆಳು,” ಎಂದರು.

ಊರಿನವರು ನಮ್ಮನ್ನು ತಲೆಯ ಮೇಲೆ ಹೊತ್ತುಕೊಂಡರು. ಬೇಲಿಯಾಚೆಯಿಂದ ಕರೆದು ಚೆರ್ರಿ ಹಣ್ಣು ಕೊಟ್ಟರು, ನನ್ನ ಸೀರೆಯ ಅಂಚು ಮುಟ್ಟಿ ನೋಡಿದರು. ಆದರೆ ಎಲ್ಲರ ಮಾತೂ ಅಜ್ಜಾರ ಹೆಗಲ ಪಕ್ಕದಿಂದ ಹಾಯ್ದು ನಮಗೆ ತಲುಪುತ್ತಿತ್ತು, ಅವರಿಗೆ ತಾಕುತ್ತಿರಲಿಲ್ಲ. ಅಂಗಡಿಯವಳು ನನ್ನ ಬ್ರೆಡ್ಡನ್ನು ನಗುತ್ತ ನನ್ನ ಕೈಗೇ ಕೊಟ್ಟಳು. ಅವರದನ್ನು ಕಟ್ಟೆಯ ಮೇಲಿಟ್ಟು ಬೆನ್ನು ತಿರುಗಿಸಿದಳು. ಹೊರಗೆ ಬಂದ ಮೇಲೆ ನಾನು ನಮ್ಮವರ ತೋಳು ಚಿವುಟಿದೆ.

“ನೋಡಿದೆ,” ಎಂದರು ಅವರು. ಆ ದಿನದಿಂದ ಕಮಿಷನ್ ಮಾತು ನಿಂತಿತು.

ಕಾಡಿನಲ್ಲಿ ಅವರು ಬೇರೆಯೇ ಮನುಷ್ಯ. ಕಾರ್ಲ್ಸ್‌ರುಹೆಯ ಬೀದಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುವವರು ಅಲ್ಲಿ ಒಂದು ಸಲವೂ ತಿರುಗುತ್ತಿರಲಿಲ್ಲ. ಊಟೆಯ ನೀರನ್ನು ಬೊಗಸೆಯಲ್ಲಿ ಕುಡಿಯುವುದು, ಕಡಿದಾದಲ್ಲಿ ಕಾಲು ಅಡ್ಡಡ್ಡ ಇಟ್ಟು ಏರುವುದು, ಕರಡಿ ಇರುವ ಕಡೆ ಜೋರಾಗಿ ಮಾತಾಡುತ್ತ ನಡೆಯುವುದು, ಎಲ್ಲ ಹೇಳಿಕೊಟ್ಟರು. ಕರಡಿಗೆ ಹೆದರಿ ನಾನು ಹೈಸ್ಕೂಲಿನಲ್ಲಿ ಕಲಿತ ವಚನಗಳನ್ನೆಲ್ಲ ಗಟ್ಟಿಯಾಗಿ ಹೇಳಿ ಮುಗಿಸಿದೆ. ಅವರು ತಲೆದೂಗುತ್ತ ಮುಂದೆ ನಡೆದರು. ಕಾಡು ಬ್ಲೂಬೆರಿ ತಿಂದು ನಮ್ಮ ಮೂವರ ನಾಲಿಗೆಯೂ ನೇರಳೆಯಾಗಿತ್ತು. ಮಧ್ಯಾಹ್ನ ಒಂದು ಖಾನಾವಳಿಯಲ್ಲಿ, ಹಲುಷ್ಕಿ ಎಂಬ ಆಲೂಗಡ್ಡೆಯ ಸಣ್ಣ ಕಡುಬಿಗೆ ಕುರಿಚೀಸು ಕಲಸಿ ತಂದರು. ಮೇಲೆ ಹಂದಿಯ ಮಾಂಸ ಉದುರಿಸದಂತೆ ಅಜ್ಜಾರು ಅಡುಗೆಮನೆಯೊಳಗೇ ಹೋಗಿ ನಿಂತು ನೋಡಿಕೊಂಡರು. ಅಷ್ಟು ಕಾಳಜಿ. ಆ ಕಾಳಜಿಯನ್ನೂ ನಾನು ತಿರುವಿ ತಿರುವಿ ನೋಡಿದೆ, ಗಡಿಯ ಪೊಲೀಸಿನವನ ಹಾಗೆ.

ಆ ಸಂಜೆ ಅಕ್ಕನ ಮಗಳು ಹಿತ್ತಲ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಊರಿನವರು ಅಜ್ಜಾರನ್ನು ಯಾಕೆ ಮಾತಾಡಿಸುವುದಿಲ್ಲ ಎಂದು ಕೇಳಿಯೇಬಿಟ್ಟೆ. ಅವಳು ಶಾಲೆಯಲ್ಲಿ ಪಾಠ ಹೇಳುವಂತೆ ನಿಧಾನವಾಗಿ ಹೇಳಿದಳು.

ರಷ್ಯಾದ ಟ್ಯಾಂಕುಗಳು ಬಂದು, ದೇಶದ ಗಡಿ ಮುಚ್ಚಿಹೋದ ನಂತರದ ಮಾತು. ಊರಿನ ಇಬ್ಬರು ಜೀವದ ಗೆಳೆಯರು ಕದ್ದು ಗಡಿ ದಾಟಲು ಹೊರಟರು. ಒಬ್ಬ ನಮ್ಮ ಅಜ್ಜಾರು. ಇನ್ನೊಬ್ಬ ಶಾಲೆಯ ಮಾಸ್ತರ. ಅಜ್ಜಾರು ದಾಟಿದರು. ಮಾಸ್ತರ ಸಿಕ್ಕಿಬಿದ್ದ. ಜೈಲು ಮುಗಿಸಿ ಬಂದವನಿಗೆ ಪಾಠ ಹೇಳಲು ಯಾರೂ ಬಿಡಲಿಲ್ಲ. ಕುರಿ ಕಾಯಲು ಹೋದ. ಈಗ ಗುಡ್ಡದ ಮೇಲಿನ ಕುರಿದೊಡ್ಡಿಗೆ ಅವನೇ ಯಜಮಾನ. ಅಂಥವನಿಗೆ ಅಲ್ಲಿ ಬಾಚಾ ಅನ್ನುತ್ತಾರೆ.

“ಕಾವಲಿನವರು ಅಷ್ಟು ಸರಿಯಾಗಿ ಅದೇ ಜಾಗಕ್ಕೆ ಹೇಗೆ ಬಂದರು? ಒಬ್ಬನನ್ನು ಹಿಡಿದು ಇನ್ನೊಬ್ಬನನ್ನು ಹೇಗೆ ಬಿಟ್ಟರು? ಊರಿನವರು ಅವತ್ತಿನಿಂದ ಇದನ್ನೇ ಕೇಳುತ್ತಿದ್ದಾರೆ,” ಎಂದಳು. “ಗೆಳೆಯನನ್ನು ಮಾರಿ ದಾರಿ ಕೊಂಡುಕೊಂಡ ಅಂತಾರೆ.”

“ನೀವು ಏನಂತೀರಿ?”

“ನಾನು ಆಗ ತೊಟ್ಟಿಲಲ್ಲಿದ್ದೆ,” ಎಂದು ಬಟಾಣಿಯ ಸಿಪ್ಪೆ ಕೊಡವಿ ಎದ್ದಳು. ಮೆಟ್ಟಿಲ ಮೇಲಿಂದ ತಿರುಗಿ ಇಷ್ಟು ಮಾತ್ರ ಸೇರಿಸಿದಳು: ಕುರಿದೊಡ್ಡಿಯ ಹೊಸ್ತಿಲು ತುಳಿದ ಅತಿಥಿಗೆ ಬಾಚಾ ತನ್ನ ಕೈಯಾರೆ ಒಂದು ಪಾತ್ರೆ ಕೊಡಲೇಬೇಕು, ಅತಿಥಿಯ ಜೊತೆ ಬಂದವನಿಗೂ ಕೊಡಬೇಕು. ಅದು ಹಿಂದಿನಿಂದ ಬಂದದ್ದು. ಒಬ್ಬನೇ ಹೋದರೆ ತನ್ನ ಮಾವನಿಗೆ ಆ ಬಾಗಿಲು ತೆರೆಯುವುದಿಲ್ಲ.

ಅಂದರೆ ನಮ್ಮನ್ನು ಕರೆತಂದದ್ದು ಇದಕ್ಕೆ. ಚೀನಾದವನನ್ನೂ, ಬ್ರೆಜಿಲಿನವರನ್ನೂ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ಅನುಮಾನವೇ. ತಪ್ಪು ಮಾಡದವನು ವರ್ಷ ವರ್ಷವೂ ಹೀಗೆ ಮಂದಿಯ ಮರೆಯಲ್ಲಿ ಹೋಗಿ ನಿಲ್ಲುತ್ತಾನೆಯೇ? ತಪ್ಪು ಮಾಡಿದವನಾದರೂ ನಿಲ್ಲುತ್ತಾನೆಯೇ?

ಮರುದಿನ ಗುಡ್ಡ ಏರಿದೆವು. ಅಕ್ಕನ ಮಗಳೂ ಬಂದಳು. ಸ್ಲೈಡಿನ ಗುಡಿಸಲು ಎದುರಿಗೆ ಬಂತು. ಒಳಗೆ ಕೆಂಡದ ಮೇಲೆ ದೊಡ್ಡ ತಾಮ್ರದ ಹಂಡೆ, ಮಾಡಿನ ಕೆಳಗೆ ಹೊಗೆಯಲ್ಲಿ ತೂಗುವ ಚೀಸಿನ ಉಂಡೆಗಳು. ಬಾಚಾ ಸ್ಲೈಡಿನಲ್ಲಿ ಕಂಡದ್ದಕ್ಕಿಂತ ಬಾಗಿದ್ದ. ಕೆತ್ತನೆಯ ಹಿಡಿಯಿದ್ದ ಮರದ ಪಾತ್ರೆಯಲ್ಲಿ ಬೆಚ್ಚನೆಯ ಹುಳಿ ಹಾಲಿನ ತಿಳಿಯನ್ನು ಮೊಗೆದು ಮೊದಲು ನನಗೆ ಕೊಟ್ಟ. ಝಿಂಚಿತ್ಸಾ ಎಂದ. ನಾನು ಅವನ ಮುಖವನ್ನೇ ನೋಡುತ್ತ ಕುಡಿದೆ. ನಮ್ಮ ಮಜ್ಜಿಗೆಯ ತಿಳಿಯಂತೆಯೇ ಇತ್ತು. ಆಮೇಲೆ ನಮ್ಮವರಿಗೆ, ಅಕ್ಕನ ಮಗಳಿಗೆ. ಕೊನೆಗೆ ಅಜ್ಜಾರಿಗೆ. ಕೈ ಚಾಚಿತು, ಕಣ್ಣು ಚಾಚಲಿಲ್ಲ. ಅಜ್ಜಾರು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯನ್ನೂ ಬಿಡದೆ ಕುಡಿದು, ಕೆಳಗಿಟ್ಟು ಹೊರಗೆ ಹೋದರು. ಬೇಲಿಯ ಪಕ್ಕದ ದಿಮ್ಮಿಯ ಮೇಲೆ ಕೂತರು. ಅವರ ವರ್ಷದ ಕೆಲಸ ಅಷ್ಟೇ.

ಅಷ್ಟಕ್ಕೇ ಮುಗಿಯಬೇಕಿತ್ತು. ನಮ್ಮವರು ಕುರಿ ಹಾಲು ಹಿಂಡುವುದನ್ನು ನೋಡಲು ದೊಡ್ಡಿಯ ಕಡೆ ಹೋದರು. ನಾನು ಹೊರಡುವಷ್ಟರಲ್ಲಿ ಬಾಚಾ ಏನೋ ಅಂದ. ಅಕ್ಕನ ಮಗಳು ಬೆಚ್ಚಿ ನಿಂತಳು.

“ನಿಮ್ಮನ್ನು ಒಂದು ಮಾತು ಕೇಳಬೇಕಂತೆ. ಬಂದವರೆಲ್ಲ ಇಲ್ಲಿ ನಗುತ್ತಾರೆ. ನೀವೊಬ್ಬರೇ ಅನುಮಾನದಿಂದ ನೋಡಿದವರು. ಅದಕ್ಕೆ ನೀವು ಸುಳ್ಳು ಹೇಳುವುದಿಲ್ಲ ಅಂತ ಅವನ ಲೆಕ್ಕ.”

ನಾನು ತಲೆಯಾಡಿಸಿದೆ. ಬಾಚಾ ಸೌಟಿನಿಂದ ಹಂಡೆಯನ್ನು ಕಲಕುತ್ತಲೇ ಕೇಳಿದ. ಅವಳು ಜರ್ಮನ್‌ನಲ್ಲಿ ಹೇಳಿದಳು.

“ನೀವು ಅವನ ತಲೆಯ ಮೇಲೆ ವಾಸ ಮಾಡುತ್ತೀರಿ. ಅವನು ರಾತ್ರಿ ನಿದ್ದೆ ಮಾಡುತ್ತಾನಾ?”

ಏನು ಉತ್ತರ ಕೊಟ್ಟರೆ ಏನಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ನಿದ್ದೆ ಮಾಡುತ್ತಾರೆ ಎಂದರೆ, ಮನಸ್ಸಾಕ್ಷಿ ಇಲ್ಲದ ಮನುಷ್ಯ ಎಂದಾಗಬಹುದು. ಇಲ್ಲವೇ ತಪ್ಪೇ ಮಾಡದವ ಎಂದಾಗಬಹುದು. ಇಲ್ಲ ಎಂದರೆ, ಅಪರಾಧಿ ಎಂದಾಗಬಹುದು. ಇಲ್ಲವೇ ಇಷ್ಟು ವರ್ಷ ಗೆಳೆಯನಿಗಾಗಿ ನೊಂದವ ಎಂದೂ. ಬಾಗಿಲಾಚೆ ದಿಮ್ಮಿಯ ಮೇಲೆ ಅಜ್ಜಾರ ಬೆನ್ನು ಕಾಣುತ್ತಿತ್ತು. ಬಾಚಾ ಸೌಟು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

“ಇಲ್ಲ,” ಎಂದೆ. “ಅವರು ಮಲಗಿದ್ದನ್ನು ನಾನು ಕೇಳಿಲ್ಲ. ಬೆಳಗಿನವರೆಗೆ ನಡೆಯುತ್ತಾರೆ.”

ಬಾಚಾ ಸೌಟನ್ನು ಹಂಡೆಯ ಅಂಚಿಗಿಟ್ಟ. ಕೈ ಒರೆಸಿಕೊಂಡು ಹೊರಗೆ ಹೋಗಿ ಅಜ್ಜಾರ ಎದುರು ನಿಂತ. ಆಮೇಲೆ ಒಂದೇ ಒಂದು ವಾಕ್ಯ ಹೇಳಿ ಕುರಿಗಳ ಕಡೆ ನಡೆದುಬಿಟ್ಟ. ಅದೇನೆಂದು ನಮಗೆ ಕೇಳಿಸಲಿಲ್ಲ. ಗುಡ್ಡ ಇಳಿಯುವಾಗ ಅಜ್ಜಾರು, ಅಷ್ಟು ದಿನಗಳಲ್ಲಿ ಮೊದಲ ಸಲ, ಕಾಡಿನಲ್ಲಿ ಹಿಂದೆ ತಿರುಗಿ ನೋಡಿದರು.

ಕಾರ್ಲ್ಸ್‌ರುಹೆಗೆ ಬಂದ ಮೇಲೆ ಮೂರ್ನಾಲ್ಕು ವಾರ ನಮ್ಮ ಜೊತೆ ಮಾತಿಲ್ಲ. ಆಮೇಲೆ ಒಂದು ಬೆಳಗ್ಗೆ, ನಮ್ಮವರು ಆಫೀಸಿಗೆ ಹೋದ ಮೇಲೆ, ಮೆಟ್ಟಿಲೇರಿ ಬಂದು ಬಾಗಿಲು ತಟ್ಟಿದರು. ಒಳಗೆ ಬಂದವರೇ ನಮ್ಮ ಸಿಂಕಿನ ನಲ್ಲಿ ತಿರುಗಿಸಿದರು. ನೀರು ಸುರಿಯುವ ಸದ್ದಿನಲ್ಲಿ ಕೇಳಿದರು:

“ಅವನು ನಿಮ್ಮನ್ನು ಏನು ಕೇಳಿದ? ನೀವು ಏನು ಹೇಳಿದಿರಿ?”

ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಕುರ್ಚಿಯ ಮೇಲೆ ಕೂತುಬಿಟ್ಟರು.

“ನಿದ್ದೆ ಮಾಡುವುದಿಲ್ಲ ಅಂದಿರಿ.”

“ನಿಜವಲ್ಲವೇ?”

“ನಿಜ,” ಎಂದರು. “ಅವನು ನನಗೆ ಏನಂದ ಗೊತ್ತೇ? ಬರುವ ವರ್ಷ ಒಬ್ಬನೇ ಬಾ ಅಂದ.”

ನನಗೆ ಎದೆ ಹಗುರಾಯಿತು. “ಒಳ್ಳೆಯದಲ್ಲವೇ? ಹೋಗಿ ಬನ್ನಿ,” ಎಂದೆ.

“ಒಬ್ಬನೇ ಯಾಕೆ?” ಅವರ ದನಿ ನೀರಿನ ಸದ್ದಿಗಿಂತ ಕೆಳಗಿತ್ತು. “ಇಷ್ಟು ವರ್ಷ ಮಂದಿಯ ಎದುರು ಕೊಟ್ಟದ್ದನ್ನು ಈಗ ಮಂದಿ ಇಲ್ಲದೆ ಯಾಕೆ ಕೊಡುತ್ತಾನೆ? ಆ ಗುಡಿಸಲಿನ ಹಿಂದೆ ಏನಿದೆ ನೋಡಿದಿರಾ? ಪ್ರಪಾತ.”

ಆಮೇಲೆ, ನಾನು ಕೇಳದೆಯೇ, ಆ ರಾತ್ರಿಯ ಕತೆ ಹೇಳಿದರು. ಗಡಿಯ ಹಳ್ಳದ ಬಳಿ ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಹೋಗಿ, ಆಚೆ ದಡದಲ್ಲಿ ಸೇರುವುದೆಂದು ಮಾತಾಗಿತ್ತಂತೆ. ಇವರು ದಾಟಿ ಸಿಳ್ಳೆ ಹಾಕಿದರು. ಉತ್ತರವಿಲ್ಲ. ಬಾಯಿ ಒಣಗಿ ಸಿಳ್ಳೆ ಬರದಾಗುವವರೆಗೆ ಕಾದರು. ದೀಪಗಳು ಬಂದವು, ನಾಯಿಗಳು ಬೊಗಳಿದವು. ಇವರು ಓಡಿದರು. “ಅಷ್ಟೇ,” ಎಂದರು. “ಇದನ್ನು ಅವನಿಗೆ ಹೇಳಲು ಒಂದು ಸಲವೂ ಬಾಯಿ ಬಂದಿಲ್ಲ. ಆ ಪಾತ್ರೆ ಕೈಗೆ ಬಂದರೆ ಕುಡಿದು ಹೊರಗೆ ಬಂದುಬಿಡುತ್ತೇನೆ.”

ನಾನು ನಂಬಿದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ. ನಿಜ ಹೇಳುವವನು ನಲ್ಲಿ ಬಿಟ್ಟುಕೊಂಡು ಹೇಳುತ್ತಾನೆಯೇ ಎಂದು ಒಂದು ಮನಸ್ಸು. ಗೋಡೆಗೂ ಕಿವಿಯಿದ್ದ ದೇಶದಲ್ಲಿ ಬೆಳೆದವನು ಇನ್ನು ಹೇಗೆ ಹೇಳಬೇಕು ಎಂದು ಇನ್ನೊಂದು ಮನಸ್ಸು.

ಚಳಿಗಾಲದಲ್ಲಿ ಸ್ಲೈಡುಗಳು ಹೊರಬರಲಿಲ್ಲ. ವಸಂತ ಬಂದಾಗ ಅಂಗಳದಲ್ಲಿ ಕೂತು ಬೂಟಿಗೆ ಎಣ್ಣೆ ಹಚ್ಚಿದರು. ಹೋಗುತ್ತಾರೆ ಎಂದುಕೊಂಡೆ. ಮೊದಲು ಮೊಣಕಾಲು ನೋವು ಎಂದರು. ಆಮೇಲೆ ಕಾರಿನ ಬ್ರೇಕು. ನಮ್ಮವರಿಗೆ ತಡೆಯಲಾಗಲಿಲ್ಲ. “ನಾನೇ ಕಾರು ಓಡಿಸುತ್ತೇನೆ. ಊರಲ್ಲಿ ಕಾಯುತ್ತೇನೆ, ನೀವೊಬ್ಬರೇ ಮೇಲೆ ಹೋಗಿ ಬನ್ನಿ,” ಎಂದರು. ಅಜ್ಜಾರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಿಮಗೆ ಹೀಗೆ ಹೇಳು ಅಂತ ಯಾರು ಹೇಳಿಕೊಟ್ಟರು?”

ನಮ್ಮವರು ಮೇಲೆ ಬಂದು ಶರ್ಟು ಬಿಚ್ಚುತ್ತ, “ಇನ್ನ ಸಾಕು. ನನ್ನ ಮ್ಯಾಲೂ ಸಂಶಯ ಅವರಿಗೆ,” ಎಂದರು.

“ಪಾಪ ಅನಸ್ತದ್ರೀ.”

“ನಿನಗ? ಒಂದ ವರ್ಷದಿಂದ ನೀನ ಅವರ ಮ್ಯಾಲ ಸಂಶಯ ಪಟ್ಟಾಕಿ.”

“ಸಂಶಯ ಹೋಗಿಲ್ಲ. ಪಾಪ ಅನಸೂದೂ ಬಿಟ್ಟಿಲ್ಲ,” ಎಂದೆ. ಅದೇ ನಿಜವಾಗಿತ್ತು.

ಆ ಬೇಸಿಗೆ ಕಳೆಯಿತು. ಅವರು ಹೋಗಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ಕೆಳಗಿನ ಫೋನು ರಿಂಗಾಯಿತು. ಮಾಡಿದವಳು ಅಕ್ಕನ ಮಗಳು. ಬಾಚಾ ತೀರಿಕೊಂಡಿದ್ದ. ನಿದ್ದೆಯಲ್ಲೇ ಹೋಗಿದ್ದನಂತೆ. ಅಜ್ಜಾರು ಮೆಟ್ಟಿಲ ಬುಡದಲ್ಲಿ ನಿಂತು ನನಗೆ ಈ ಸುದ್ದಿ ಹೇಳಿದರು. “ನಿದ್ದೆಯಲ್ಲಿ,” ಎಂದು ಮತ್ತೊಮ್ಮೆ ಅಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮೇಲೆ ಹೆಜ್ಜೆ ಸದ್ದು ಕೇಳಲಿಲ್ಲ. ನಡೆಯುವುದನ್ನೇ ಬಿಟ್ಟುಬಿಟ್ಟರು. ನಿದ್ದೆ ಬಂದಿತೋ, ಸುಮ್ಮನೆ ಕೂತಿರುತ್ತಿದ್ದರೋ... ಗೊತ್ತಿಲ್ಲ.

ಮುಂದಿನ ವರ್ಷ ನಮ್ಮವರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತು. ಮನೆ ಬಿಡುವ ದಿನ ಅಜ್ಜಾರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಏನೋ ಒಳ್ಳೆಯ ಮಾತು ಹೇಳುತ್ತಾರೆಂದು ಕಾದೆ. “ಯಾರಾದರೂ ನನ್ನ ವಿಷಯ ಕೇಳಿದರೆ, ಏನೂ ಗೊತ್ತಿಲ್ಲ ಅನ್ನಿ,” ಎಂದರು. ಮಗಳು ಹುಟ್ಟಿದಾಗ ಒಂದು ಕಾರ್ಡು ಬಂತು, ಬೆಟ್ಟದ ಚಿತ್ರ ಇದ್ದದ್ದು. ಹಿಂದೆ ಸಹಿ ಇರಲಿಲ್ಲ. ಅದಾದ ಸ್ವಲ್ಪ ಕಾಲಕ್ಕೆ ಅವರೂ ಹೋದರು. ನಾವು ಬಾಣಂತನಕ್ಕೆಂದು ಬಂದಿದ್ದ ಅವ್ವನನ್ನು ಊರಿಗೆ ಕಳಿಸುವ ಗಡಿಬಿಡಿಯಲ್ಲಿದ್ದೆವು, ಮಣ್ಣಿಗೆ ಹೋಗಲಾಗಲಿಲ್ಲ.

ಮಗಳು ಆ ಪೊಟ್ಟಣ ತಂದ ರಾತ್ರಿ ಕಳೆದ ಮೇಲೆ, ಮರುದಿನ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳಿಗೂ ಈಗ ವಯಸ್ಸಾಗಿದೆ, ದನಿ ದಪ್ಪವಾಗಿದೆ. ಗುಡ್ಡದ ಮೇಲೆ ಈಗ ಪ್ರವಾಸಿಗರಿಗೆ ಹೋಟೆಲಾಗಿದೆ, ಗುಡಿಸಲಿನ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ ಎಂದಳು. ಅಜ್ಜಾರು ಹೋಗದೆ ಉಳಿದ ಆ ಬೇಸಿಗೆಯ ಮಾತು ನಾನೇ ತೆಗೆದೆ.

“ನಿಮಗೆ ಹೇಳಿರಲಿಲ್ಲ ಅಲ್ಲವೇ,” ಎಂದಳು. “ಆ ವರ್ಷ ಬಾಚಾ ಪ್ರತಿ ಭಾನುವಾರ ತನ್ನ ಕೆಲಸದವರನ್ನೆಲ್ಲ ಕೆಳಗೆ ಊರಿಗೆ ಅಟ್ಟಿಬಿಡುತ್ತಿದ್ದ. ಬಂದ ಪ್ರವಾಸಿಗರನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದ. ಅವನೊಬ್ಬನೇ ಇರುತ್ತಿದ್ದ. ಹಿಮ ಬೀಳುವವರೆಗೂ.”

“ಯಾಕೆ?” ಎಂದೆ. ಕೇಳಬಾರದಿತ್ತೇನೋ.

“ಕ್ಷಮಿಸಲಿಕ್ಕೋ, ತಳ್ಳಲಿಕ್ಕೋ, ಬರೀ ಕೇಳಲಿಕ್ಕೋ. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ,” ಎಂದಳು. “ಕಾದದ್ದು ಮಾತ್ರ ನಿಜ.”

ಕಳೆದ ಭಾನುವಾರ ನಮ್ಮವರನ್ನು ಹೊರಡಿಸಿಕೊಂಡು ಕಾರ್ಲ್ಸ್‌ರುಹೆಗೆ ಹೋದೆ. ಸ್ಮಶಾನದ ಆಫೀಸಿನಲ್ಲಿ ಸಾಲು ಹೇಳಿದರು. ಹೋಗಿ ನೋಡಿದರೆ ಕಲ್ಲಿಲ್ಲ, ಹೂವಿಲ್ಲ, ಬರೀ ಹುಲ್ಲು. ಇಲ್ಲಿ ಸಮಾಧಿಯ ಜಾಗಕ್ಕೂ ಅವಧಿ ಇರುತ್ತದೆ. ಮುಗಿದ ಮೇಲೆ ಯಾರೂ ಮುಂದುವರಿಸದಿದ್ದರೆ ಕಲ್ಲು ಕಿತ್ತು ಸಮ ಮಾಡಿಬಿಡುತ್ತಾರೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದುವರಿಸುತ್ತಿದ್ದೆವೋ ಏನೋ...

ಪಕ್ಕದ ಸಮಾಧಿಗೆ ನೀರು ಹಾಕುತ್ತಿದ್ದ ಒಬ್ಬ ಜರ್ಮನ್ ಹೆಂಗಸು ನಮ್ಮನ್ನು ನೋಡಿ ಡಬ್ಬಿ ಕೆಳಗಿಟ್ಟಳು.

“ನಿಮ್ಮ ಸಂಬಂಧಿಕರಾ?”

“ಅಲ್ಲ. ಅವರ ಮನೆಯಲ್ಲಿ ಬಾಡಿಗೆಗಿದ್ದೆವು.”

“ಒಳ್ಳೆಯ ಮನುಷ್ಯನಾ?” ಎಂದಳು, ಮಾತಿಗೆ ಮಾತು ಎಂಬಂತೆ.

ನಮ್ಮವರು ನನ್ನ ಕಡೆ ನೋಡಿದರು. ನಾನು ಹುಲ್ಲಿನ ಕಡೆ ನೋಡಿದೆ.

“ನಮಗೆ ಒಳ್ಳೆಯವರಾಗಿದ್ದರು,” ಎಂದೆ.

ಅದಕ್ಕಿಂತ ಹೆಚ್ಚು ನನಗೆ ತಿಳಿಯದು. ಕೇಳೋಣವೆಂದರೆ, ಆ ಹಳ್ಳದ ಬಳಿ ಇದ್ದ ಇಬ್ಬರಲ್ಲಿ ಒಬ್ಬರೂ ಉಳಿದಿಲ್ಲ.